ಕೆತ್ತಿದ ಮಾತ್ರಕ್ಕೆ ನಮ್ಮದಾಗುತ್ತಾ?

ಕಳೆದ ಫಾಲ್ ಸೆಮಿಸ್ಟರ್‌ನಲ್ಲಿ ನಾವು ಮೂವರು ಕನ್ನಡಿಗರು ಅದು ಹೇಗೋ ಒಂದೇ ಮಷೀನ್ ಶಾಪ್ ಕೋರ್ಸಿಗೆ ಸೇರಿಕೊಂಡ್ವಿ. ಒಬ್ಬಳು ಧಾರವಾಡದವಳು, ಒಬ್ಬ ಬೀದರಿನವನು, ಇನ್ನೊಬ್ಬ ಬೆಂಗಳೂರಿನ ಪೀಣ್ಯದವನು. ಈ ಬರಹ ಟೈಪ್ ಮಾಡಿದ ಕೈ ಒಬ್ಬರದಾದರೂ ಇದರ ಹಿಂದಿನ ಜಗಳ ಮೂವರದು. ಹಾಗಾಗಿ ‘ನಾವು’ ಅಂತಲೇ ಬರೀತೀವಿ.

ಕೋರ್ಸಿನ ಕೊನೆಯ ಪ್ರಾಜೆಕ್ಟ್ ಕೇಳೋಕೆ ಸುಲಭವಾಗಿತ್ತು. ನೀವು ಎಲ್ಲಿಂದ ಬಂದವರು ಅನ್ನೋದನ್ನು ಹೇಳುವ ಒಂದು ವಸ್ತುವನ್ನು ವಿನ್ಯಾಸ ಮಾಡಿ, ಲೋಹದಲ್ಲಿ ತಯಾರಿಸಿ ತನ್ನಿ. ಲೇತು, ಮಿಲ್ಲಿಂಗ್ ಮಷೀನು ಎರಡನ್ನೂ ಬಳಸಬೇಕು. ಅಷ್ಟೇ. ಆವತ್ತು ರಾತ್ರಿ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಅನ್ನ ಬೇಯುವಷ್ಟರಲ್ಲಿ ನಮ್ಮ ಪಟ್ಟಿ ರೆಡಿ: ಗಂಡಭೇರುಂಡ, ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಕರ್ನಾಟಕದ ನಕ್ಷೆ, ‘ಕನ್ನಡ’ ಅನ್ನುವ ಮೂರು ಅಕ್ಷರ. ನಮ್ಮಲ್ಲಿ ಯಾರೂ ಕರಾವಳಿಯವರಲ್ಲ. ರಾತ್ರಿಯಿಡೀ ಕೂತು ಯಕ್ಷಗಾನ ನೋಡಿದವರೂ ಅಲ್ಲ. ಆದರೂ ಪಟ್ಟಿಯಲ್ಲಿ ಅದಿತ್ತು.

ಮೊದಲು ಗಂಡಭೇರುಂಡ ಮಾಡಿ ನೋಡೋಣ ಅಂದುಕೊಂಡ್ವಿ. ಅಂತರ್ಜಾಲದಿಂದ ಒಂದು ಚಿತ್ರ ಇಳಿಸಿಕೊಂಡು, ಸಾಫ್ಟ್‌ವೇರಿನಲ್ಲಿ ಗೆರೆಗಳಾಗಿ ಬದಲಾಯಿಸಿ, ಅಲ್ಯೂಮಿನಿಯಂ ಫಲಕವೊಂದನ್ನು ಸಿಎನ್‌ಸಿಯ ವೈಸಿನಲ್ಲಿ ಬಿಗಿದು ಬಟನ್ ಒತ್ತಿದ್ವಿ. ನಲವತ್ತು ನಿಮಿಷದಲ್ಲಿ ಎರಡು ತಲೆಯ ಹಕ್ಕಿ ಫಳಫಳ ಹೊಳೀತಾ ಹೊರಬಂತು. ಫೋಟೋ ತೆಗೆದು ಮನೆಯ ಗ್ರೂಪುಗಳಿಗೆಲ್ಲ ಕಳಿಸಿದ್ದೂ ಆಯ್ತು.

ಶಾಪ್ ನೋಡಿಕೊಳ್ಳುವ ಹಿರಿಯ ಮಷೀನಿಸ್ಟ್ ಒಬ್ಬರಿದ್ದಾರೆ. ಕಾರ್ಖಾನೆಗಳಲ್ಲಿ ಬಹಳ ವರ್ಷ ದುಡಿದು ಬಂದವರು. ಫಲಕವನ್ನು ತಿರುಗಿಸಿ ನೋಡಿದರು. ಚೆನ್ನಾಗಿದೆ ಅಂದರು. ಆಮೇಲೆ ಕೇಳಿದರು, “ಇದರಲ್ಲಿ ನೀವು ನಿರ್ಧಾರ ಮಾಡಿದ್ದು ಯಾವುದು?”

ಮೂವರೂ ಮುಖ ಮುಖ ನೋಡಿಕೊಂಡ್ವಿ. ಚಿತ್ರ ಬೇರೆ ಯಾರೋ ಬರೆದದ್ದು. ಕಟರ್ ಯಾವ ದಾರಿಯಲ್ಲಿ ಓಡಬೇಕು ಅಂತ ಸಾಫ್ಟ್‌ವೇರು ತೀರ್ಮಾನಿಸಿತ್ತು. ಲೋಹ ಶಾಪಿನ ರ‍್ಯಾಕಿನಲ್ಲಿ ಬಿದ್ದಿದ್ದದ್ದು. ನಾವು ಆಯ್ಕೆ ಮಾಡಿದ್ದು ಅಂದರೆ ಹಕ್ಕಿಯ ಸೈಜು ಒಂದೇ.

ಆ ಪ್ರಶ್ನೆಯಿಂದ ಶುರುವಾದ ವಾದ ಇವತ್ತಿಗೂ ಮುಗಿದಿಲ್ಲ. ನಾವು ಸದ್ಯಕ್ಕೆ ತಲುಪಿರುವ ಅಭಿಪ್ರಾಯ ಇದು: ಊರಿನ ಗುರುತನ್ನು ಲೋಹದ ಮೇಲೆ ಕೆತ್ತಿದ ಮಾತ್ರಕ್ಕೆ ಆ ಪರಂಪರೆ ನಮ್ಮದಾಗೋದಿಲ್ಲ. ಒಂದು ವಸ್ತು ಯಾಕೆ ಹಾಗಿದೆ, ಅದನ್ನು ಮಾಡೋ ಕೈಗೆ ಏನು ಗೊತ್ತಿತ್ತು ಅನ್ನೋದನ್ನು ನಾವೂ ಸ್ವಲ್ಪ ಕಲಿತಾಗ ಮಾತ್ರ ಆಗುತ್ತೆ. ವೇದಿಕೆ ಮೇಲೆ ನಿಂತು ಹೇಳೋಕೆ ಇದು ಸುಲಭ. ನಾವು ಇದನ್ನು ಎರಡು ಸಲ ಸೋತು ಕಲಿತದ್ದರಿಂದ ಆ ಸೋಲಿನ ಕತೆಯನ್ನೇ ಹೇಳ್ತೀವಿ.

ಧಾರವಾಡದವಳ ಸೂಟ್‌ಕೇಸಿನಲ್ಲಿ ಅವರವ್ವ ಇಟ್ಟುಕೊಟ್ಟ ಹಿತ್ತಾಳೆಯ ಚಕ್ಕುಲಿ ಒರಳು ಇತ್ತು. ಬಂದು ಒಂದು ವರ್ಷವಾದರೂ ಅದು ಕಪಾಟಿನಿಂದ ಹೊರಗೆ ಬಂದಿರಲಿಲ್ಲ. ಫಲಕದ ಪ್ರಕರಣ ಆದ ಮೇಲೆ ಅವಳು ಅದನ್ನು ತಂದು ಟೇಬಲ್ ಮೇಲೆ ಇಟ್ಟು, “ಇದನ್ನ ಮಾಡೂಣು” ಅಂದಳು. ನೋಡಿದರೆ ಅದು ನಾವು ನಾಲ್ಕು ವರ್ಷ ಓದಿದ್ದೇ: ಸಿಲಿಂಡರು, ಪಿಸ್ಟನ್ನು, ಕೆಳಗೊಂದು ನಕ್ಷತ್ರದ ತೂತಿನ ಬಿಲ್ಲೆ. ಎಕ್ಸ್‌ಟ್ರೂಷನ್ ಅಂತ ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸಿಗೆ ಬರೆದದ್ದನ್ನು ನಮ್ಮ ಮನೆಗಳಲ್ಲಿ ಪ್ರತಿ ಹಬ್ಬಕ್ಕೂ ಮಾಡ್ತಿದ್ದರು. ನಮಗೆ ಎರಡೂ ಒಂದೇ ಅಂತ ಹೊಳೆದಿರಲಿಲ್ಲ.

ಮೊದಲ ಪ್ರಶ್ನೆ ಲೋಹದ್ದು. ಅವ್ವನದು ಹಿತ್ತಾಳೆ, ನಮ್ಮದೂ ಹಿತ್ತಾಳೆಯೇ ಇರಲಿ ಅಂದುಕೊಂಡ್ವಿ. ಆದರೆ ಇಲ್ಲಿನ ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವ ಸಿ360 ಹಿತ್ತಾಳೆಯಲ್ಲಿ ಸುಮಾರು 3 ಪರ್ಸೆಂಟ್ ಸೀಸ ಇರುತ್ತದೆ. ಸೀಸ ಇರೋದರಿಂದಲೇ ಅದು ಲೇತಿನಲ್ಲಿ ಬೆಣ್ಣೆ ಹಾಗೆ ಕತ್ತರಿಸುತ್ತೆ, ಚೂರುಗಳು ಚಿಕ್ಕದಾಗಿ ಉದುರುತ್ತವೆ. ತಿನ್ನೋ ಹಿಟ್ಟು ತಾಗುವ ವಸ್ತುವಿಗೆ ಅದು ಬೇಡ. ಕೊನೆಗೆ 304 ಸ್ಟೇನ್‌ಲೆಸ್ ಸ್ಟೀಲ್ ತಗೊಂಡ್ವಿ. ಅದು ಬೆಣ್ಣೆ ಅಲ್ಲವೇ ಅಲ್ಲ. ಟೂಲು ಸರಿಯಾಗಿ ಕಚ್ಚದೆ ಮೇಲೆ ಮೇಲೆ ಉಜ್ಜಿದರೆ ಮೇಲ್ಮೈ ಇನ್ನೂ ಗಟ್ಟಿಯಾಗಿ, ಮುಂದಿನ ಕಟ್ ಮತ್ತೂ ಕಷ್ಟವಾಗುತ್ತೆ.

ಒಳವ್ಯಾಸ 50 ಮಿ.ಮೀ., ಆಳ 110 ಮಿ.ಮೀ. ಬೋರಿಂಗ್ ಶುರು ಮಾಡಿದ ಕೂಡಲೇ ಲೇತು ಕಿರುಚೋಕೆ ಶುರುವಾಯ್ತು. ಒಳಗೋಡೆಯ ಮೇಲೆಲ್ಲ ಅಲೆ ಅಲೆ ಗುರುತು. ಇದಕ್ಕೆ ಚ್ಯಾಟರ್ ಅಂತಾರೆ, ಟೂಲು ನಡುಗೋದರಿಂದ ಬರುತ್ತೆ. ಸ್ಪೀಡ್ ಬದಲಾಯಿಸಿದ್ವಿ, ಕೂಲೆಂಟ್ ಸುರಿದ್ವಿ, ಯೂಟ್ಯೂಬ್ ನೋಡಿದ್ವಿ. ಏನೂ ಆಗಲಿಲ್ಲ. ಆಗ ಪೀಣ್ಯದವನು ಸುಮ್ಮನೆ ಆ ಶಬ್ದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹೊರಗೆ ಹೋಗಿ ಯಾರಿಗೋ ವಾಟ್ಸ್ಯಾಪ್ ಮಾಡಿದ. ಇಲ್ಲಿ ಸಂಜೆ, ಅಲ್ಲಿ ಬೆಳಿಗ್ಗೆ. ಐದು ನಿಮಿಷಕ್ಕೆ ಫೋನ್ ಬಂತು. ಸ್ಪೀಕರಿಗೆ ಹಾಕಿದ.

“ಬಾರ್ ಎಷ್ಟು ಹೊರಗೆ ಬಿಟ್ಟಿದೀಯ ನೋಡು ಮಗಾ. ಒಳಗೆ ತಗೋ. ದಪ್ಪ ಬಾರ್ ಇದ್ರೆ ಅದನ್ನ ಹಾಕು. ಫೀಡ್ ಹೆದರ್ಕೊಂಡು ಕೊಡ್ಬೇಡ, ಸ್ಟೇನ್‌ಲೆಸ್ಸನ್ನ ಉಜ್ಜಿದ್ರೆ ಮುನಿಸ್ಕೊಳ್ಳುತ್ತೆ.”

ಹೋಗಿ ಅಳೆದರೆ 20 ಮಿ.ಮೀ. ದಪ್ಪದ ಬಾರನ್ನು 150 ಮಿ.ಮೀ. ಹೊರಗೆ ಬಿಟ್ಟಿದ್ವಿ, ದಪ್ಪದ ಏಳೂವರೆ ಪಟ್ಟು. ಸ್ಟೀಲಿನ ಬಾರಿಗೆ ನಾಲ್ಕು ಪಟ್ಟು ದಾಟಬಾರದು ಅನ್ನೋದು ಎಲ್ಲ ಕೈಪಿಡಿಯಲ್ಲೂ ಇರುವ ಅಂದಾಜು. 25 ಮಿ.ಮೀ. ಬಾರ್ ಹಾಕಿ, ಬೇಕಾದಷ್ಟೇ ಹೊರಗೆ ಬಿಟ್ಟು, ಧೈರ್ಯವಾಗಿ ಫೀಡ್ ಕೊಟ್ಟಾಗ ಕಿರುಚಾಟ ನಿಂತಿತು. ಎಂಟು ಸಾವಿರ ಮೈಲಿ ಆಚೆಯಿಂದ ಬರೀ ಶಬ್ದ ಕೇಳಿ ಅವರು ಹೇಳಿದ್ದರು.

ಅವತ್ತೇ ನಮಗೆ ಗೊತ್ತಾದದ್ದು, ಇವನ ತಂದೆ ಟರ್ನರ್ ಅಂತ. ಪೀಣ್ಯದಲ್ಲಿ ಬಾಡಿಗೆ ಶೆಡ್ಡು, ಎರಡು ಲೇತು, ಬುಷ್‌ಗಳ ಜಾಬ್ ವರ್ಕ್. ನಮಗೆ ಒಂದು ವರ್ಷದಿಂದ ಅವನು ಹೇಳಿದ್ದು “ಅಪ್ಪಂದು ಮ್ಯಾನುಫ್ಯಾಕ್ಚರಿಂಗ್ ಬಿಸಿನೆಸ್” ಅಂತ. ಯಾಕೋ ಹೇಳಲಿಲ್ಲ ಅಂತ ಕೇಳಿದ್ವಿ. “ಹೇಳಿದ್ರೆ ನೀವೇನು ಅನ್ಕೊಳ್ತಿದ್ರಿ?” ಅಂತ ತಿರುಗಿ ಕೇಳಿದ. ನಮ್ಮ ಹತ್ತಿರ ಪ್ರಾಮಾಣಿಕವಾದ ಉತ್ತರ ಇರಲಿಲ್ಲ.

ಒರಳಿನ ಕತೆಗೆ ಮತ್ತೆ ಬರೋಣ. ಅವ್ವನ ಒರಳನ್ನು ವರ್ನಿಯರಿನಿಂದ ಅಳೆದಾಗ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸುಮಾರು ಒಂದು ಮಿ.ಮೀ. ವ್ಯತ್ಯಾಸ ಕಂಡಿತ್ತು. ಇಷ್ಟೊಂದು ಸಡಿಲ! ಕೈಕೆಲಸ ಅಲ್ವಾ, ಪಾಪ, ಆಗಿನ ಕಾಲದಲ್ಲಿ ಅಷ್ಟೇ ಸಾಧ್ಯವಾಗಿತ್ತು ಅಂದುಕೊಂಡ್ವಿ. ನಾವು ಎಂಜಿನಿಯರುಗಳಲ್ಲವೇ, 0.05 ಮಿ.ಮೀ. ಇಟ್ವಿ. ಇಲ್ಲಿನ ಲೆಕ್ಕದಲ್ಲಿ ಎರಡು ಥೌ. ಖಾಲಿ ಇದ್ದಾಗ ಪಿಸ್ಟನ್ನು ರೇಷ್ಮೆ ಹಾಗೆ ಇಳೀತಿತ್ತು. ದೀಪಾವಳಿಯ ದಿನ ಅಸೋಸಿಯೇಷನ್ ಪಾಟ್‌ಲಕ್ಕಿಗೆ ನಮ್ಮ ಒರಳಿನದೇ ಚಕ್ಕುಲಿ ಅಂತ ಘೋಷಣೆ ಬೇರೆ ಮಾಡಿದ್ವಿ.

ಹಿಟ್ಟು ತುಂಬಿ ಒತ್ತಿದರೆ ಒಳಗೆ ಸಿಕ್ಕಿಹಾಕಿಕೊಂಡ ಗಾಳಿಗೆ ಹೋಗಲು ದಾರಿ ಇಲ್ಲ. ಅದು ಹಿಟ್ಟಿನ ಜೊತೆ ಬಿಲ್ಲೆಯಿಂದ ಪಟ್ ಪಟ್ ಅಂತ ಸಿಡಿದು ಚಕ್ಕುಲಿ ತುಂಡು ತುಂಡಾಯ್ತು. ಒಂದು ಕಡೆ ಸ್ವಲ್ಪ ಜಾಸ್ತಿ ಒತ್ತಿದರೆ ಪಿಸ್ಟನ್ನು ಓರೆಯಾಗಿ ಕಚ್ಚಿಕೊಳ್ತಿತ್ತು. ವಾಪಸ್ ಎಳೆಯೋಣ ಅಂದರೆ ಒಳಗೆ ನಿರ್ವಾತ, ಬರೋದೇ ಇಲ್ಲ. ಆ ದೀಪಾವಳಿಗೆ ನಾವು ತಂದಿಟ್ಟದ್ದು ಇಂಡಿಯನ್ ಸ್ಟೋರಿನ ಪ್ಯಾಕೆಟ್ ಚಕ್ಕುಲಿ. ತಿಂದವರು ಯಾರೂ ಏನೂ ಕೇಳಲಿಲ್ಲ. ನಮಗೆ ಗಂಟಲಲ್ಲಿ ಇಳೀಲಿಲ್ಲ.

ರಾತ್ರಿ ಅವಳು ಮನೆಗೆ ಫೋನ್ ಮಾಡಿ ಹೇಳಿದಾಗ ಅವ್ವ ಬಿದ್ದು ಬಿದ್ದು ನಕ್ಕರು. “ಅಷ್ಟ ಬಿಗಿ ಮಾಡಿದ್ರ ಗಾಳಿ ಎಲ್ಲಿ ಹೋಗ್ಬೇಕವಾ? ಒಂದೀಟು ಸಡ್ಲ ಇರ್ಬೇಕು.”

ನಾವು ಒರಟು ಕೆಲಸ ಅಂದುಕೊಂಡಿದ್ದ ಸಡಿಲ, ಅದನ್ನು ಮಾಡಿದವರ ತಿಳಿವಳಿಕೆ ಆಗಿತ್ತು. ಎಷ್ಟು ಸಡಿಲ ಇದ್ದರೆ ಗಾಳಿ ಹೋಗುತ್ತೆ, ಎಷ್ಟು ಮೀರಿದರೆ ಹಿಟ್ಟು ಪಿಸ್ಟನ್ನಿನ ಪಕ್ಕದಿಂದ ಮೇಲಕ್ಕೆ ಏರುತ್ತೆ ಅನ್ನೋದನ್ನು ಯಾರೋ ಒತ್ತಿ ನೋಡಿ, ತಿದ್ದಿ ನಿರ್ಧರಿಸಿದ್ದರು. ಆ ನಿರ್ಧಾರದ ಮೇಲೆ ಹೆಸರಿಲ್ಲ. ನಾವು ಪಿಸ್ಟನ್ನನ್ನು ಮತ್ತೆ ಲೇತಿಗೆ ಹಾಕಿ ಅರ್ಧ ಮಿ.ಮೀ. ಸಡಿಲ ಮಾಡಿದ್ವಿ. ಕೆಲಸ ಮಾಡಿತು.

ಬಿಲ್ಲೆಯ ನಕ್ಷತ್ರ ಇನ್ನೊಂದು ಪಾಠ. ಮಿಲ್ಲಿಂಗ್ ಕಟರ್ ದುಂಡಗಿರುತ್ತದೆ, ಹಾಗಾಗಿ ತೂತಿನ ಒಳಮೂಲೆ ಎಂದೂ ಚೂಪಾಗಿ ಬರೋದಿಲ್ಲ. ಕಟರ್‌ನಷ್ಟೇ ದುಂಡಗೆ ಉಳಿಯುತ್ತೆ. ನಕ್ಷತ್ರ ಮೊಂಡಾದರೆ ಚಕ್ಕುಲಿಗೆ ಮುಳ್ಳು ಬರೋದಿಲ್ಲ, ಮುಳ್ಳಿಲ್ಲದಿದ್ದರೆ ಆ ಗರಿಗರಿ ಇಲ್ಲ. ವಾಟರ್‌ಜೆಟ್ಟಿಗೆ ಎರಡು ವಾರದ ಕ್ಯೂ ಇತ್ತು. ಉಳಿದದ್ದು ತ್ರಿಕೋನದ ಸಣ್ಣ ಫೈಲು ಮತ್ತು ನಮ್ಮ ಕೈ. ಒಂದು ಬಿಲ್ಲೆಗೆ ಮೂರು ಸಂಜೆ ಹಿಡಿಯಿತು.

ಫೈಲು ಉಜ್ಜುತ್ತಾ ಕೂತಾಗ ಮೂವರಿಗೂ ನೆನಪಾದದ್ದು ಬಿಇ ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬು. ಖಾಕಿ ಕೋಟು, ಬೆಂಚ್ ವೈಸು, ಚೌಕಾಕಾರದ ಫಿಟ್ಟಿಂಗ್ ಜಾಬು. ಮೂರು ಬೇರೆ ಬೇರೆ ಕಾಲೇಜು, ಆದರೆ ಕತೆ ಒಂದೇ. ನಾವು ಸ್ವಲ್ಪ ಉಜ್ಜಿ, ಕೈ ನೋವು ಅಂತ ಅಲ್ಲಿನ ಸಿಬ್ಬಂದಿಯ ಕೈಗೆ ಕೊಡ್ತಿದ್ವಿ. ಅವರು ಹತ್ತು ನಿಮಿಷದಲ್ಲಿ ಬೆಳಕೂ ತೂರದ ಹಾಗೆ ಜೋಡಿಸಿ ಕೊಡೋರು. ಮಾರ್ಕ್ಸ್ ನಮಗೆ. ಥಿಯರಿ ಹೇಳುವವರನ್ನು ‘ಸರ್’ ಅಂತಿದ್ವಿ, ಇವರನ್ನು ‘ಅಣ್ಣ’. ಪ್ರೀತಿಯಿಂದಲೇ ಅಂತಿದ್ವಿ ಅನ್ನಿ. ಆದರೆ ಆ ಎರಡು ಪದಗಳ ನಡುವೆ ಇರುವ ಅಂತರ ನಮಗೆ ಆಗಲೂ ಗೊತ್ತಿತ್ತು.

ಬೀದರಿನವನ ಸೋಲು ಬೇರೆ ಥರದ್ದು. ಅವರ ಮನೆಯ ಶೋಕೇಸಿನಲ್ಲಿ ಯಾರದೋ ಮದುವೆಗೆ ಬಂದ ಬಿದ್ರಿ ಹೂದಾನಿ ಇದೆಯಂತೆ, ಇನ್ನೂ ಪ್ಲಾಸ್ಟಿಕ್ ಕವರಿನೊಳಗೆ. 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅಂತ ಹೆಮ್ಮೆಯಿಂದ ಹೇಳ್ತಾನೆ. ಆದರೆ ಅದೇ ಊರಿನಲ್ಲಿ ಹುಟ್ಟಿ ಬೆಳೆದರೂ ಅದನ್ನು ಮಾಡೋದನ್ನು ಒಂದು ದಿನ ಹೋಗಿ ನೋಡಿಲ್ಲ. ಒಂದು ಪುಟ್ಟ ಸತುವಿನ ಡಬ್ಬಿಯನ್ನು ಲೇತಿನಲ್ಲಿ ಮಾಡಿ, ಮುಚ್ಚಳದ ಮೇಲೆ ಬೆಳ್ಳಿ ತಂತಿ ಕೂರಿಸೋದು ಅವನ ಯೋಜನೆ. ಸಣ್ಣ ಕಟರಿನಿಂದ ಗಾಡಿ ಕೊರೆದು ತಂತಿ ಬಡಿದ. ಪಾಲಿಶ್ ಮಾಡುವಾಗ ತಂತಿ ಎದ್ದು ಬಂತು. ಮತ್ತೆ ಬಡಿದ, ಮತ್ತೆ ಎದ್ದಿತು.

ಕುಶಲಕರ್ಮಿಗಳ ವಿಡಿಯೋಗಳನ್ನು ನಿಧಾನವಾಗಿ ಓಡಿಸಿ ನೋಡಿದಾಗ ಕಾರಣ ಹೊಳೆಯಿತು. ಮಿಲ್ಲಿಂಗ್ ಕಟರ್ ಲೋಹವನ್ನು ಕತ್ತರಿಸಿ ಹೊರಗೆಸೆಯುತ್ತದೆ, ಗೋಡೆ ನೇರವಾಗಿ ಉಳಿಯುತ್ತದೆ. ಕೈಯಲ್ಲಿ ಬಡಿಯುವ ಉಳಿ ಲೋಹವನ್ನು ಸ್ವಲ್ಪ ಅಂಚಿಗೂ ತಳ್ಳುತ್ತದೆ. ತಂತಿ ಕೂರಿಸಿ ಬಡಿದಾಗ ಆ ಅಂಚು ಮಡಚಿ ತಂತಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ದುಬಾರಿ ಮಷೀನು ಬಲು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೇ ತೊಂದರೆ ಆಗಿತ್ತು. ಅವನು ಉಳಿ ಹಿಡಿದ. ಗೆರೆ ಸೊಟ್ಟಗಾದವು, ತಂತಿ ಮಾತ್ರ ನಿಂತಿತು. ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಬಿಸಿ ಮಾಡಿದರೆ ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣನ್ನು ಸೂಟ್‌ಕೇಸಿನಲ್ಲಿ ಹಾಗೇ ತರೋಕೆ ಇಲ್ಲಿ ಬಿಡೋದಿಲ್ಲ. ಹಾಗಾಗಿ ಅವನ ಡಬ್ಬಿ ಬೂದು ಬಣ್ಣದಲ್ಲೇ ಉಳಿಯಿತು, ಬೆಳ್ಳಿ ಸರಿಯಾಗಿ ಕಾಣೋದೂ ಇಲ್ಲ. “ಇದು ಬಿದ್ರಿ ಅಲ್ಲ” ಅಂತ ಪ್ರೆಸೆಂಟೇಷನ್ನಿನಲ್ಲಿ ಅವನೇ ಮೊದಲು ಹೇಳಿದ. ಅಷ್ಟು ಖಚಿತವಾಗಿ ಹೇಳುವ ಹಕ್ಕು ಅವನಿಗೆ ಬಂದದ್ದು ಮಾಡಿ ಸೋತ ಮೇಲೆ.

ಪೀಣ್ಯದವನು ಏನು ಮಾಡಿದ? ನಾವು ಹಂಪಿ, ಮೈಸೂರು ಅಂತ ಸಲಹೆ ಕೊಡ್ತಿದ್ದಾಗ ಅವನು ಒಂದು ಪ್ಲಗ್ ಗೇಜ್ ಮಾಡಿದ. ಮೆಕ್ಯಾನಿಕಲ್ ಓದದವರಿಗೆ ಹೇಳೋದಾದರೆ, ತೂತು ಸರಿಯಾದ ಅಳತೆಗೆ ಬಂದಿದೆಯಾ ಅಂತ ನೋಡುವ ಕಡ್ಡಿ ಅದು. ಒಂದು ತುದಿ ‘ಗೋ’, ಅದು ತೂತಿನೊಳಗೆ ಹೋಗಲೇಬೇಕು. ಇನ್ನೊಂದು ‘ನೋ-ಗೋ’, ಅದು ಹೋಗಬಾರದು. 25 ಎಚ್7 ಅನ್ನುವ ತೂತಿಗೆ ಒಂದು ತುದಿ 25.000, ಇನ್ನೊಂದು 25.021 ಮಿ.ಮೀ. ನಡುವಿನ ವ್ಯತ್ಯಾಸ ತಲೆಗೂದಲಿಗಿಂತ ತೆಳು. ಒರಳಿಗೆ ಬೇಡ ಅಂತ ಬಿಟ್ಟಿದ್ದ ಹಿತ್ತಾಳೆಯನ್ನು ಹಿಡಿಕೆಗೆ ಬಳಸಿದ, ತುದಿಗಳಿಗೆ ಟೂಲ್ ಸ್ಟೀಲು. ಕೊನೆಯ ಕೆಲವು ಮೈಕ್ರಾನುಗಳನ್ನು ಕೈಯಲ್ಲೇ ಲ್ಯಾಪ್ ಮಾಡಿ ತಂದ.

ಅದರ ಮೇಲೆ ಹಕ್ಕಿ ಇಲ್ಲ, ರಥ ಇಲ್ಲ, ಕನ್ನಡ ಅಕ್ಷರವೂ ಇಲ್ಲ. ಕ್ಲಾಸಿನಲ್ಲಿ ಯಾರೋ ಕೇಳಿದರು, ಇದರಲ್ಲಿ ಪರಂಪರೆ ಎಲ್ಲಿದೆ ಅಂತ. “ನಮ್ಮಪ್ಪ ದಿನಾ ಕೈಯಲ್ಲಿ ಹಿಡಿಯೋದು ಇದನ್ನೇ. ಅವರು ಟರ್ನರ್” ಅಂದ. ಇಂಗ್ಲಿಷಿನಲ್ಲೇ ಅಂದ, ಎಲ್ಲರ ಮುಂದೆ. ನಮ್ಮಿಬ್ಬರಿಗೆ ಆ ಸೆಮಿಸ್ಟರಿನಲ್ಲಿ ಅದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ.

ಈಗ ನಾವು ಹೇಳಬೇಕಾದ ಮಾತು. ಕರ್ನಾಟಕದ ಪರಂಪರೆ ಅಂದ ಕೂಡಲೇ ನಮ್ಮ ಕಣ್ಣು ದೇವಸ್ಥಾನ, ಅರಮನೆ, ರಾಜಮುದ್ರೆಯ ಕಡೆಗೇ ಓಡುತ್ತೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡುತ್ತಿತ್ತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ಅದರ ಪಕ್ಕದಲ್ಲೇ ಬೆಳೆದ ಪೀಣ್ಯದ ಸಾವಿರಾರು ಶೆಡ್ಡುಗಳಲ್ಲಿ ಇವತ್ತಿಗೂ ಲೋಹ ತಿರುಗ್ತಿದೆ. ಇದೂ ನಮ್ಮ ಪರಂಪರೆ ಅಲ್ಲವಾ? ಹೊರಗಿನಿಂದ ಬಂದ ವಿದ್ಯೆ ಅದು ಅನ್ನಬಹುದು. ಬಿದ್ರಿ ಕೂಡ ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನ ಕಡೆಯಿಂದ ಬಂದದ್ದು ಅಂತಾರೆ. ಇಲ್ಲಿನ ಮಣ್ಣು, ಇಲ್ಲಿನ ಕೈ ಸೇರಿ ಅದು ಬೀದರಿನದಾಯ್ತು. ಓದೋಕೆ ಅಂತ ಸಮುದ್ರ ದಾಟಿ ಬಂದಿರುವ ನಮಗೆ ಈ ಮಾತು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು.

‘ಗಂಡಭೇರುಂಡದ ಫಲಕ ಮಾಡಿದ್ರೆ ಏನಪ್ಪಾ ತಪ್ಪು?’ ಅಂತ ನಮ್ಮ ಅಸೋಸಿಯೇಷನ್ನಿನ ಗೆಳೆಯರೇ ಕೇಳಿದ್ದಾರೆ. ತಪ್ಪೇನಿಲ್ಲ. ಊರು ನೆನಪಾದಾಗ ಗೋಡೆ ಮೇಲೊಂದು ಗುರುತು ಬೇಕು, ನಮ್ಮ ಫಲಕವೂ ಬಾಗಿಲ ಹತ್ತಿರ ನೇತಾಡ್ತಿದೆ, ಬೀಗದ ಕೀ ಹಾಕೋಕೆ. ನಮ್ಮ ತಕರಾರು ಅಲ್ಲಿಗೇ ನಿಲ್ಲೋದರ ಬಗ್ಗೆ. ಇಲ್ಲಿ ‘ಹೆರಿಟೇಜ್’ ಅಂದರೆ ಗ್ರೇಡು ಸಿಗುತ್ತೆ, ಪೋರ್ಟ್‌ಫೋಲಿಯೋದಲ್ಲಿ ಚೆನ್ನಾಗಿ ಕಾಣುತ್ತೆ, ಇಂಟರ್‌ವ್ಯೂನಲ್ಲಿ ಹೇಳೋಕೆ ಒಂದು ಕತೆ ಆಗುತ್ತೆ. ಹಂಪಿಯನ್ನು ಕೆತ್ತಿದವರ ಹೆಸರು ಹೇಳಿಕೊಂಡು ಎ ಗ್ರೇಡ್ ತಗೊಂಡು, ಅಂಥದೇ ಕೈಕೆಲಸ ಮಾಡುವ ಅಪ್ಪನ ಬಗ್ಗೆ ಹೇಳೋಕೆ ಗೆಳೆಯನೊಬ್ಬ ಹಿಂಜರಿಯುವ ಹಾಗೆ ನಡೆದುಕೊಳ್ಳೋದು ಸರಿಯಾ? ಅವನು ಹಿಂಜರಿದದ್ದು ಅವನ ತಪ್ಪಲ್ಲ. ಆ ವಾತಾವರಣದಲ್ಲಿ ನಮ್ಮ ಪಾಲೂ ಇತ್ತು.

ಈ ಸಲದ ರಾಜ್ಯೋತ್ಸವಕ್ಕೆ ನಮ್ಮದೊಂದು ಸಣ್ಣ ಪ್ರಸ್ತಾಪ. ಅತಿಥಿಗಳಿಗೆ ಕೊಡುವ ನೆನಪಿನ ಕಾಣಿಕೆಯನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡುವ ಬದಲು ಒಂದು ಶನಿವಾರ ಶಾಪಿನಲ್ಲಿ ಸೇರೋಣ. ಪ್ರತಿಯೊಬ್ಬರೂ ಮನೆಯಿಂದ ತಂದ ಒಂದು ವಸ್ತು ತರಲಿ: ಅಡಕತ್ತರಿ, ಒಗ್ಗರಣೆ ಸೌಟು, ತಿರುಗಣಿ ಮುಚ್ಚಳದ ಕುಂಕುಮ ಭರಣಿ, ಏನಾದರೂ. ಅದನ್ನು ಅಳೆದು, ಡ್ರಾಯಿಂಗ್ ಬರೆದು, ಯಾಕೆ ಹೀಗಿದೆ ಅಂತ ಮನೆಗೆ ಫೋನ್ ಮಾಡಿ ಕೇಳೋಣ. ಮಷೀನು ಗೊತ್ತಿಲ್ಲದವರಿಗೆ ನಾವು ಕಲಿಸ್ತೀವಿ. ಕಂಪ್ಯೂಟರ್ ಸೈನ್ಸಿನವರೂ ಬನ್ನಿ, ಫೈಲು ಉಜ್ಜೋಕೆ ಕೋಡಿಂಗ್ ಬೇಕಾಗಿಲ್ಲ.

ಡಿಸೆಂಬರಿನ ಪರೀಕ್ಷೆಯ ವಾರದಲ್ಲಿ, ಸಡಿಲ ಮಾಡಿದ ಒರಳಿನಲ್ಲಿ ಮತ್ತೊಮ್ಮೆ ಚಕ್ಕುಲಿ ಒತ್ತಿದ್ವಿ. ಸುತ್ತು ಸರಿಯಾಗಿ ಬಂತು, ಮುಳ್ಳೂ ಬಂತು. ಒಂದು ಡಬ್ಬಿ ತುಂಬ ಶಾಪಿನ ಆ ಹಿರಿಯರಿಗೆ ಕೊಟ್ವಿ. ತಿಂದು, ಒರಳನ್ನು ಕೈಗೆ ತಗೊಂಡು ಪಿಸ್ಟನ್ನನ್ನು ಅಲ್ಲಾಡಿಸಿ, ಇಷ್ಟು ಸಡಿಲ ಯಾಕೆ ಅಂತ ಕೇಳಿದರು. ಈ ಸಲ ನಮ್ಮ ಹತ್ತಿರ ಉತ್ತರ ಇತ್ತು.